ಸಾಲ್ಮನ್ ಪಂಜರದಲ್ಲಿ ರಕ್ತಹೀನತೆಯ ವೈರಸ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಸಾಕಣೆಯ ಸಾಲ್ಮನ್ ಮೀನಿಗೆ ತಗಲುವ ಸಾಂಕ್ರಾಮಿಕ ರಕ್ತಹೀನತೆಯ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಐಎಸ್‌ಎ ಎಂಬ ಚಿಕ್ಕ ಹೆಸರಿನಲ್ಲೇ ಈ ರೋಗ ಎಲ್ಲೆಡೆ ಪರಿಚಿತ. 1984ರಲ್ಲಿ ನಾರ್ವೆಯಲ್ಲಿ ಮೊದಲು ಕಂಡದ್ದು, ಆಮೇಲೆ ಕೆನಡಾ, ಸ್ಕಾಟ್ಲೆಂಡ್, ಫೆರೋ ದ್ವೀಪಗಳು, ಅಮೆರಿಕದ ಮೇಯ್ನ್, ಚಿಲಿ ಎಂದು ಅಟ್ಲಾಂಟಿಕ್ ಸಾಲ್ಮನ್ ಸಾಕುವ ಹೆಚ್ಚಿನ ಕಡೆಗಳನ್ನು ಹುಡುಕಿಕೊಂಡು ಹೋಯಿತು. ಮನುಷ್ಯರ ಫ್ಲೂ ವೈರಸ್ ಯಾವ ಕುಟುಂಬದ್ದೋ ಇದೂ ಅದೇ ಕುಟುಂಬದ್ದು.

ಪ್ರಶ್ನೆ: ನಮ್ಮದು ಸಮುದ್ರದಲ್ಲಿ ಬಲೆಯಿಂದ ಕಟ್ಟಿದ ಎಂಟು ಪಂಜರಗಳ ಕೇಂದ್ರ, ಒಂದೊಂದರಲ್ಲಿ ಸುಮಾರು ಒಂದು ಲಕ್ಷ ಮೀನು. ಹತ್ತು ದಿನಗಳಿಂದ ಮೂರನೇ ಪಂಜರದಲ್ಲಿ ದಿನಕ್ಕೆ 50–60 ಸಾಯುತ್ತಿವೆ. ಉಳಿದವುಗಳಲ್ಲಿ ತಲಾ ಎಂಟೋ ಹತ್ತೋ. ಸತ್ತವುಗಳ ಕಿವಿರು ಬಿಳಚಿಕೊಂಡಿದೆ. ಒಟ್ಟು ಲೆಕ್ಕದಲ್ಲಿ ಇದೇನೂ ದೊಡ್ಡದಲ್ಲ, ಇನ್ನೊಂದು ವಾರ ನೋಡೋಣ ಎನ್ನುತ್ತಾರೆ ಮೇಲಿನವರು. ಕಾಯಬಹುದೇ?

ಕಾಯಬೇಡಿ. ನಿಮ್ಮನ್ನು ದಾರಿ ತಪ್ಪಿಸುತ್ತಿರುವುದು ಆ ಒಟ್ಟು ಲೆಕ್ಕವೇ. ಎಂಟು ಲಕ್ಷ ಮೀನಿನಲ್ಲಿ ದಿನಕ್ಕೆ 125 ಸತ್ತರೆ ಶೇ. 0.016 ಎಂದು ಬರುತ್ತದೆ, ಯಾರ ಕಣ್ಣಿಗೂ ಅದು ದೊಡ್ಡದಾಗಿ ಕಾಣುವುದಿಲ್ಲ. ಮೂರನೇ ಪಂಜರವೊಂದನ್ನೇ ತೆಗೆದುಕೊಂಡು ನೋಡಿ: ಶೇ. 0.05ರಿಂದ 0.06. ಐಎಸ್‌ಎ ಕಾಲಿಡುವುದು ಹೀಗೆಯೇ. ಒಂದೇ ಪಂಜರದಲ್ಲಿ ದಿನಕ್ಕೆ ಶೇ. 0.05ರಿಂದ 0.1ರಷ್ಟು ಸಾವು, ಅದೂ ವಾರಗಟ್ಟಲೆ ಏರದೆ ಇಳಿಯದೆ. ಆಮೇಲೊಂದು ದಿನ ಬಲೆ ಬದಲಿಸುತ್ತೀರಿ, ಮೀನಿನ ಮೈಗೆ ಅಂಟುವ ಸಮುದ್ರ ಹೇನಿಗೆ ಔಷಧಿ ಸ್ನಾನ ಮಾಡಿಸುತ್ತೀರಿ, ತೂಕದ ಪ್ರಕಾರ ವಿಂಗಡಿಸುತ್ತೀರಿ. ಅಲ್ಲಿಂದ ಸಾವು ಏರತೊಡಗುತ್ತದೆ. ಅಷ್ಟರಲ್ಲಿ ಪಕ್ಕದ ಪಂಜರಗಳಿಗೂ ವೈರಸ್ ತಲುಪಿರುತ್ತದೆ. ಹಾಗೇ ಬಿಟ್ಟರೆ ಕೆಲವು ತಿಂಗಳಲ್ಲಿ ಶೇ. 90ಕ್ಕೂ ಮೀರಿ ಮೀನು ಹೋಗಬಹುದು.

ಈ ನಿಧಾನಗತಿಯೇ ನಿಮಗೆ ಸಿಗುವ ಒಂದೇ ಅವಕಾಶ ಕೂಡ. ರೋಗ ಒಂದೇ ಪಂಜರದಲ್ಲಿರುವಾಗ ಆ ಪಂಜರವನ್ನು ತೆಗೆದರೆ ಉಳಿದ ಏಳನ್ನು ಉಳಿಸಿಕೊಳ್ಳುವ ಸಾಧ್ಯತೆ ಇರುತ್ತದೆ. ಹಾಗಾಗಿ ಸಾವಿನ ಲೆಕ್ಕವನ್ನು ಪಂಜರವಾರು ಬರೆಯಿರಿ, ಸರಾಸರಿ ತೆಗೆಯಲೇಬೇಡಿ.

ಇವತ್ತೇ ಸಾಯುತ್ತಿರುವ ಅಥವಾ ಆಗಷ್ಟೇ ಸತ್ತ ಹತ್ತು ಮೀನು ತೆಗೆದು ಕೊಯ್ದು ನೋಡಿ. ಹೊರಗಡೆ ಬಿಳಚಿದ ಕಿವಿರು, ಉಬ್ಬಿದ ಕಣ್ಣು, ಕಣ್ಣಿನ ಮುಂಭಾಗದಲ್ಲಿ ರಕ್ತ, ಹೊಟ್ಟೆಯ ಕೆಳಗಿನ ಚರ್ಮದಲ್ಲಿ ರಕ್ತದ ಚುಕ್ಕೆಗಳು ಕಾಣಬಹುದು. ಒಳಗೆ ಹೊಟ್ಟೆಯಲ್ಲಿ ನೀರು, ಕಪ್ಪಡರಿದ ಪಿತ್ತಜನಕಾಂಗ, ಊದಿದ ಗುಲ್ಮ, ಕರುಳ ಸುತ್ತಲಿನ ಕೊಬ್ಬಿನ ಮೇಲೆ ಸಾಸಿವೆಯಷ್ಟು ಸಣ್ಣ ರಕ್ತದ ಚುಕ್ಕೆಗಳು ಇರಬಹುದು. ಪ್ರತಿ ಮೀನಿನಲ್ಲೂ ಇವೆಲ್ಲ ಇರುವುದಿಲ್ಲ. ಕೆಲವದರಲ್ಲಿ ಬಿಳಚಿದ ಕಿವಿರೊಂದು ಬಿಟ್ಟರೆ ಏನೂ ಸಿಗುವುದಿಲ್ಲ. ಬಾಲದ ರಕ್ತನಾಳದಿಂದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಹಚ್ಚಿದ ಸಿರಿಂಜಿನಲ್ಲಿ ರಕ್ತ ತೆಗೆದು, ಸಣ್ಣ ನಳಿಗೆಯಲ್ಲಿ ತಿರುಗಿಸಿ ಕೆಂಪುಕಣಗಳ ಪಾಲು ಎಷ್ಟೆಂದು ಅಳೆಯಿರಿ. ಆರೋಗ್ಯವಂತ ಸಾಲ್ಮನ್‌ನಲ್ಲಿ ಅದು ಶೇ. 40ರ ಆಸುಪಾಸಿನಲ್ಲಿರುತ್ತದೆ. ಐಎಸ್‌ಎಯ ಕೊನೆಯ ಹಂತದಲ್ಲಿ ಶೇ. 10ಕ್ಕಿಂತ ಕೆಳಗೆ ಬಿದ್ದಿರುತ್ತದೆ. ಇಷ್ಟು ಅಗ್ಗದಲ್ಲಿ ಇಷ್ಟು ಬೇಗ ಸುಳಿವು ಕೊಡುವ ಪರೀಕ್ಷೆ ಬೇರೊಂದಿಲ್ಲ.

ಫಲಿತಾಂಶ ಬರುವವರೆಗೆ ಪಂಜರದಿಂದ ಪಂಜರಕ್ಕೆ ಮೀನು ಸಾಗಿಸಬೇಡಿ, ವಿಂಗಡಣೆಯನ್ನೂ ಹೇನಿನ ಚಿಕಿತ್ಸೆಯನ್ನೂ ನಿಲ್ಲಿಸಿ. ಸತ್ತ ಮೀನನ್ನು ದಿನವೂ ಎತ್ತಿ, ಮೂರನೇ ಪಂಜರದ್ದನ್ನು ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಬೇರೆಯೇ ಕೈಬಲೆ, ಬೇರೆಯೇ ತೊಟ್ಟಿ, ಬೇರೆಯೇ ಕೈಗವಸು ಇರಲಿ. ಐಎಸ್‌ಎ ಅನೇಕ ದೇಶಗಳಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ, ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಇದೆ. ಸರ್ಕಾರಿ ಮೀನು ವೈದ್ಯರಿಗೆ ತಿಳಿಸಲು ರೋಗ ಖಚಿತವಾಗುವವರೆಗೆ ಕಾಯಬೇಕಿಲ್ಲ. ಅನುಮಾನ ಬಂದ ದಿನವೇ ತಿಳಿಸಿ.

ಪ್ರಶ್ನೆ: ಪರೀಕ್ಷೆಗೆ ಯಾವ ಅಂಗ, ಎಷ್ಟು ಮೀನು, ಹೇಗೆ ಕಳುಹಿಸಬೇಕು?

ಹೃದಯ ಮತ್ತು ಮೂತ್ರಪಿಂಡದ ನಡುಭಾಗ ಮುಖ್ಯ. ಕಿವಿರಿನ ಚೂರೂ ಜೊತೆಗಿರಲಿ, ಆದರೆ ಬೇರೆ ನಳಿಗೆಯಲ್ಲಿ. ಅದೇಕೆ ಎಂಬುದು ಮುಂದಿನ ಉತ್ತರದಲ್ಲಿದೆ. ವೈರಸ್ಸಿನ ವಂಶವಾಹಿ ವಸ್ತುವನ್ನು (ಆರ್‌ಎನ್‌ಎ) ಹುಡುಕುವ ಪಿಸಿಆರ್ ಪರೀಕ್ಷೆಗಾದರೆ ಅವರೆಕಾಳಿಗಿಂತ ದೊಡ್ಡದಲ್ಲದ ಚೂರು, ಆರ್‌ಎನ್‌ಎ ಕೆಡದಂತೆ ಕಾಪಾಡುವ ದ್ರಾವಣದಲ್ಲಿ. ದ್ರಾವಣ ಚೂರಿನ ಹತ್ತು ಪಟ್ಟು ಇರಬೇಕು. ದೊಡ್ಡ ತುಂಡನ್ನು ಒತ್ತಿ ತುಂಬಿದರೆ ದ್ರಾವಣ ಒಳಗಿಳಿಯುವುದಿಲ್ಲ, ನಡುವೆ ವೈರಸ್ಸಿನ ಆರ್‌ಎನ್‌ಎ ಒಡೆದುಹೋಗುತ್ತದೆ. ಆಮೇಲೆ ರೋಗವಿದ್ದೂ ಇಲ್ಲ ಎಂಬ ವರದಿ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡುವ ಅಂಗಾಂಶಕ್ಕೆ ಶೇ. 10ರ ತಟಸ್ಥ ಫಾರ್ಮಲಿನ್, ಅಲ್ಲಿಯೂ ಹತ್ತು ಪಟ್ಟಿನ ಲೆಕ್ಕವೇ. ಎರಡಕ್ಕೂ ಒಂದೇ ಮೀನಿನ ಒಂದೇ ಸಂಖ್ಯೆ ಬರೆಯಿರಿ. ಪ್ರತಿ ಮೀನಿಗೂ ಚಾಕು, ಚಿಮುಟ ಬದಲಿಸಿ ಅಥವಾ ಒರೆಸಿ ಸೋಂಕು ನಿವಾರಿಸಿ. ಒಂದು ಮೀನಿನ ರಕ್ತ ಇನ್ನೊಂದರ ಮಾದರಿಗೆ ತಾಗಿದರೂ ಪಿಸಿಆರ್ ಅದನ್ನು ಹಿಡಿದುಬಿಡುತ್ತದೆ.

ಸಾಯುತ್ತಿರುವ ಮೀನಾದರೆ ಹತ್ತು ಸಾಕು. ಲಕ್ಷಣವೇ ಇಲ್ಲದ ಹಿಂಡಿನಲ್ಲಿ ಹುಡುಕುವುದಾದರೆ ಲೆಕ್ಕ ಬೇರೆ: ನೂರಕ್ಕೆ ಐದು ಮೀನಿಗೆ ಸೋಂಕಿದ್ದರೆ ಅದನ್ನು ಶೇ. 95ರ ಭರವಸೆಯಲ್ಲಿ ಹಿಡಿಯಲು ಸುಮಾರು 60 ಮೀನು ಬೇಕು, ನೂರಕ್ಕೆ ಎರಡಿದ್ದರೆ ಸುಮಾರು 150. ಹಾಗೆಂದು 150 ಚೆಂದದ ಮೀನು ಹಿಡಿದು ತರುವ ಬದಲು, ಪಂಜರದ ಅಂಚಿಗೆ ಬಂದು ಮಂಕಾಗಿ ನಿಂತ ಹತ್ತನ್ನು ಆರಿಸಿ. ಕೈಬಲೆಗೆ ಸುಲಭವಾಗಿ ಸಿಗುವ ಮೀನನ್ನೇ ತೆಗೆಯಬಾರದು ಎಂಬುದು ಬೆಳವಣಿಗೆ ಅಳೆಯುವಾಗಿನ ನಿಯಮ, ರೋಗ ಹುಡುಕುವಾಗ ಅದು ತಿರುವುಮುರುವು.

ಪ್ರಶ್ನೆ: ಕಿವಿರಿನ ಮಾದರಿಯಲ್ಲಿ ಐಎಸ್‌ಎ ಪಾಸಿಟಿವ್ ಬಂದಿದೆ. ಮೀನು ಚೆನ್ನಾಗಿ ತಿನ್ನುತ್ತಿದೆ, ಸಾವೂ ಇಲ್ಲ. ಎಲ್ಲವನ್ನೂ ಕೊಲ್ಲಬೇಕೇ?

ಅವಸರ ಬೇಡ, ಪ್ರಯೋಗಾಲಯದಿಂದ ಇನ್ನೊಂದು ಉತ್ತರ ತರಿಸಿ. ಈ ವೈರಸ್ಸಿನ ವಂಶವಾಹಿ ಎಂಟು ತುಂಡುಗಳಲ್ಲಿದೆ. ಆರನೆಯ ತುಂಡಿನಲ್ಲಿ ಬಹಳ ಬದಲಾಗುವ ಒಂದು ಭಾಗವಿದೆ. ಆ ಭಾಗ ಏನೂ ಕಳೆದುಕೊಳ್ಳದೆ ಇಡಿಯಾಗಿದ್ದರೆ ಅದನ್ನು ಎಚ್‌ಪಿಆರ್-ಸೊನ್ನೆ ಎನ್ನುತ್ತಾರೆ. ಅದು ಕಿವಿರಿನಲ್ಲಿ ಕೆಲವು ವಾರ ಇದ್ದು, ರೋಗ ತಾರದೆ ಹೋಗುತ್ತದೆ. ಸಾಕಣೆಯ ಸಾಲ್ಮನ್‌ನಲ್ಲಿ ಇದು ಅಪರೂಪವೇನಲ್ಲ. ಆ ಭಾಗದಿಂದ ಒಂದು ಚೂರು ಬಿದ್ದುಹೋದ ರೂಪವೇ ರೋಗ ತರುವುದು. ಅದು ರಕ್ತನಾಳಗಳ ಒಳಪದರಕ್ಕೆ ನುಗ್ಗುತ್ತದೆ, ಹೃದಯದಲ್ಲೂ ಮೂತ್ರಪಿಂಡದಲ್ಲೂ ಸಿಗುತ್ತದೆ. ಕಿವಿರನ್ನು ಬೇರೆ ನಳಿಗೆಯಲ್ಲಿಡಿ ಎಂದದ್ದು ಇದಕ್ಕೇ.

ಹಾಗಾಗಿ ಪ್ರಯೋಗಾಲಯಕ್ಕೆ ಆರನೆಯ ತುಂಡಿನ ಅನುಕ್ರಮ ಓದಿ ಹೇಳಲು ಕೇಳಿ. ಸೊನ್ನೆ ಎಂದು ಬಂದರೂ ಆ ವರದಿಯನ್ನು ಕಡತಕ್ಕೆ ಸೇರಿಸಿ ಮರೆಯಬೇಡಿ. ರೋಗ ತರುವ ರೂಪ ಹುಟ್ಟುವುದು ಈ ನಿರುಪದ್ರವಿ ರೂಪದಿಂದಲೇ. ವೈರಸ್ ಹೆಚ್ಚು ಮೀನಿನಲ್ಲಿ, ಹೆಚ್ಚು ಕಾಲ ಸುತ್ತಿದಷ್ಟೂ ಅಂಥ ಬದಲಾವಣೆಗೆ ಅವಕಾಶ ಹೆಚ್ಚು. ಸೊನ್ನೆ ರೂಪ ಸಿಕ್ಕ ಹಿಂಡನ್ನು ಬೇರೆ ಕೊಲ್ಲಿಗೆ ಸಾಗಿಸಬೇಡಿ, ಹೃದಯ ಮತ್ತು ಮೂತ್ರಪಿಂಡದ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿಸಿ.

ಪ್ರಶ್ನೆ: ಆಹಾರದಲ್ಲಿ ಆಂಟಿಬಯಾಟಿಕ್ ಬೆರೆಸಿ ಕೊಟ್ಟರೆ ಸಾವು ತಗ್ಗುವುದಿಲ್ಲವೇ?

ಇಲ್ಲ. ಇದು ವೈರಸ್, ಆಂಟಿಬಯಾಟಿಕ್ ಇದನ್ನು ಮುಟ್ಟುವುದೇ ಇಲ್ಲ. ವೈರಸ್ಸಿನ ಮೇಲೆ ಕೆಲಸ ಮಾಡುವ, ಪಂಜರದಲ್ಲಿ ಬಳಸಬಲ್ಲ ಔಷಧಿಯೂ ಇಲ್ಲ. ಕಾಯಿಲೆಯ ಮೀನು ಮೊದಲು ಬಿಡುವುದೇ ಆಹಾರವನ್ನು. ಹಾಗಾಗಿ ಬೆರೆಸಿದ್ದು ತಿನ್ನುವ ಗಟ್ಟಿ ಮೀನಿನ ಹೊಟ್ಟೆಗೆ ಹೋಗುತ್ತದೆ, ಇಲ್ಲವೇ ತಳ ಸೇರುತ್ತದೆ. ನಿಮ್ಮ ಕೈಯಲ್ಲಿರುವುದು ಆಮ್ಲಜನಕ. ರಕ್ತ ತೆಳುವಾದ ಮೀನು ಉಸಿರಿಗೆ ಒದ್ದಾಡುತ್ತಿರುತ್ತದೆ. ಆಹಾರ ಕಡಿಮೆ ಮಾಡಿದರೆ ಅದಕ್ಕೆ ಬೇಕಾಗುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಪಾಚಿ ಕಟ್ಟಿದ ಬಲೆಯಲ್ಲಿ ನೀರು ಆಡುತ್ತಿಲ್ಲವೆಂದಾದರೆ ಗಾಳಿ ಊದುವ ವ್ಯವಸ್ಥೆ ಮಾಡಿ. ರೋಗದ ಪಂಜರದಲ್ಲಿ ಬಲೆ ಉಜ್ಜಲು ಮಾತ್ರ ಹೋಗಬೇಡಿ.

ಪ್ರಶ್ನೆ: ರೋಗ ಖಚಿತವಾಗಿ, ಪಂಜರ ಖಾಲಿ ಮಾಡಲು ಆದೇಶ ಬಂದಿದೆ. ಕೆಲಸದ ಕ್ರಮ ಹೇಗಿರಬೇಕು? ಎಲ್ಲಿ ಎಡವುತ್ತಾರೆ?

ಹೆಚ್ಚಿನವರು ಎಡವುವುದು ರಕ್ತದಲ್ಲಿ. ರೋಗದ ಮೀನಿನ ರಕ್ತ, ಲೋಳೆ, ಮಲ ಎಲ್ಲದರಲ್ಲೂ ವೈರಸ್ ಇರುತ್ತದೆ. ಪಂಜರದ ಪಕ್ಕದಲ್ಲೇ ಕಿವಿರು ಕೊಯ್ದು ರಕ್ತ ಸಮುದ್ರಕ್ಕೆ ಹರಿಯಬಿಟ್ಟರೆ, ಉಳಿದ ಏಳು ಪಂಜರಕ್ಕೂ ನೀವೇ ಕೈಯಾರೆ ರೋಗ ಹಂಚಿದ ಹಾಗೆ. ನಾರ್ವೆಯ ಆರಂಭದ ವರ್ಷಗಳ ಅಧ್ಯಯನಗಳಲ್ಲಿ, ರೋಗವಿದ್ದ ಕೇಂದ್ರದಿಂದಲೋ ಮೀನು ಕೊಯ್ಯುವ ಕಾರ್ಖಾನೆಯಿಂದಲೋ 5 ಕಿಲೋಮೀಟರ್ ಒಳಗಿದ್ದ ಪಂಜರಗಳಿಗೆ ಅಪಾಯ ಎದ್ದು ಕಂಡಿತು.

ಆದ್ದರಿಂದ ಕೆಲಸ ಶುರುಮಾಡುವ ಮುನ್ನ ಮೀನು ಎಲ್ಲಿಗೆ ಹೋಗುತ್ತದೆ, ನೀರು ಎಲ್ಲಿಗೆ ಹೋಗುತ್ತದೆ ಎಂಬೆರಡಕ್ಕೂ ಕಾಗದದ ಮೇಲೆ ಉತ್ತರವಿರಲಿ. ಜೀವಂತ ಮೀನು ಸಾಗಿಸುವ ಹಡಗು ಬಂದರೆ ಅದು ಕವಾಟ ಮುಚ್ಚಿಕೊಂಡೇ ಸಾಗಬೇಕು, ದಾರಿಯುದ್ದಕ್ಕೂ ನೀರು ಬದಲಿಸಬಾರದು. ಮುಚ್ಚಿದ ನೀರಿನಲ್ಲಿ ಆಮ್ಲಜನಕ ಊಡಬೇಕು, ಕಾರ್ಬನ್ ಡೈಆಕ್ಸೈಡ್ ಏರುವುದರ ಮೇಲೂ ಕಣ್ಣಿಡಬೇಕು. ಹಾಗಾಗಿ ಒಂದು ಸಲಕ್ಕೆ ಕಡಿಮೆ ಮೀನು ತುಂಬಿ. ಕೊಯ್ಯುವ ಕಾರ್ಖಾನೆ ರಕ್ತದ ನೀರನ್ನು ಸೋಸಿ, ಸೋಂಕು ನಿವಾರಿಸಿದ ನಂತರವೇ ಹೊರಬಿಡುವಂತಿರಬೇಕು.

ಹೊರತೆಗೆಯಲೆಂದು ಬಲೆ ಎತ್ತಿ ಮೀನನ್ನು ಒಂದೆಡೆ ಒತ್ತರಿಸುವಾಗ ಇನ್ನೊಂದು ಅಪಾಯವಿದೆ. ರಕ್ತದಲ್ಲಿ ಕೆಂಪುಕಣ ಶೇ. 10ಕ್ಕೆ ಇಳಿದ ಮೀನು, ಆರೋಗ್ಯವಂತ ಮೀನು ತಡೆದುಕೊಳ್ಳುವ ಒತ್ತಡದಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ. ಒಂದೇ ಸಲಕ್ಕೆ ಬಲೆ ಎತ್ತಿದರೆ ಸಾವಿರಾರು ಮೀನು ತಳದಲ್ಲೇ ಸತ್ತು ರಾಶಿಬೀಳುತ್ತವೆ, ಪಂಪಿಗೆ ಸಿಲುಕುತ್ತವೆ, ಬಲೆ ಹರಿಯುವುದೂ ಉಂಟು. ಸಣ್ಣ ಸಣ್ಣ ಭಾಗವಾಗಿ ಒತ್ತರಿಸಿ, ಆಮ್ಲಜನಕ ಅಳೆಯುವ ಸಾಧನವನ್ನು ಮೀನಿನ ನಡುವೆಯೇ ಇಳಿಬಿಡಿ. ಕೊಲ್ಲುವುದು ತಲೆಗೆ ಪೆಟ್ಟು, ವಿದ್ಯುತ್, ಅಥವಾ ಅರಿವಳಿಕೆಯ ಅತಿಪ್ರಮಾಣದಿಂದ. ಅರಿವಳಿಕೆ ಕೊಟ್ಟ ಮೀನು ಊಟಕ್ಕೆ ಹೋಗಬಾರದು. ಹಿಂಸೆಯಿಲ್ಲದ ಸಾವು ಆ ಮೀನುಗಳಿಗೆ ನಾವು ಕೊಡಲೇಬೇಕಾದದ್ದು, ಅವಸರದಲ್ಲಿ ಅದನ್ನು ಮರೆಯಬಾರದು.

ಖಾಲಿಯಾದ ಮೇಲೆ ಮೊದಲು ತೊಳೆಯುವುದು, ಆಮೇಲೆ ಸೋಂಕು ನಿವಾರಣೆ. ಈ ಕ್ರಮ ತಪ್ಪಿದರೆ ದುಡ್ಡೂ ಶ್ರಮವೂ ವ್ಯರ್ಥ. ಲೀಟರಿಗೆ 100 ಮಿಲಿಗ್ರಾಂ ಕ್ಲೋರಿನ್ ಇರುವ ಹೈಪೋಕ್ಲೋರೈಟ್ ಈ ವೈರಸ್ಸನ್ನು 15 ನಿಮಿಷದಲ್ಲಿ ನಿಷ್ಕ್ರಿಯಗೊಳಿಸುತ್ತದೆ ನಿಜ, ಆದರೆ ಅದು ಶುದ್ಧ ಮೇಲ್ಮೈಯ ಲೆಕ್ಕ. ಮೀನಿನ ಜಿಡ್ಡು, ಲೋಳೆ, ಪಾಚಿ, ಚಿಪ್ಪುಗಳಿರುವಲ್ಲಿ ಕ್ಲೋರಿನ್ ಅವುಗಳ ಮೇಲೇ ಖರ್ಚಾಗಿಹೋಗುತ್ತದೆ. ಜಿಡ್ಡು ತೆಗೆಯುವ ಮಾರ್ಜಕ, ಒತ್ತಡದ ನೀರು, ಕಣ್ಣಾರೆ ಪರೀಕ್ಷೆ, ಅನಂತರವೇ ಕ್ಲೋರಿನ್. ಬಲೆಯನ್ನು ಮುಚ್ಚಿದ ತೊಟ್ಟಿಯಲ್ಲಿ ದಡಕ್ಕೆ ಒಯ್ದು ತೊಳೆಯಿರಿ, ನಂತರ ಚೆನ್ನಾಗಿ ಒಣಗಿಸಿ. ಹಗ್ಗದ ಗಂಟು, ಪಂಪಿನ ರಬ್ಬರ್ ಬಳೆ, ಮುಳುಗುವವರ ಉಡುಪಿನ ಮಡಿಕೆ, ದೋಣಿಯ ತಳದಲ್ಲಿ ನಿಂತ ನೀರು ಇವು ಸಾಮಾನ್ಯವಾಗಿ ಮರೆತುಹೋಗುವ ಜಾಗಗಳು. ಕ್ಲೋರಿನ್ ಇರುವ ಯಾವುದಕ್ಕೂ ಆಮ್ಲ ತಾಗಬಾರದು, ವಿಷಾನಿಲ ಏಳುತ್ತದೆ. ಸತ್ತ ಮೀನಿಗೆ ಆಮ್ಲ ಬೆರೆಸುವ ಜಾಗ ಪಕ್ಕದಲ್ಲೇ ಇರುವಾಗ ಈ ಅಪಘಾತಕ್ಕೆ ಒಂದು ತಪ್ಪು ಬಕೆಟ್ ಸಾಕು.

ಪ್ರಶ್ನೆ: ವೈರಸ್ ಸಾಯಲೆಂದು ಸತ್ತ ಮೀನನ್ನು ಅರೆದು ಫಾರ್ಮಿಕ್ ಆಮ್ಲ ಬೆರೆಸಿದೆವು. ಸಂಜೆ ಪಿಎಚ್ 3.8 ಇತ್ತು, ಬೆಳಿಗ್ಗೆ 4.6. ಆಮ್ಲ ಕಲಬೆರಕೆಯೇ?

ಆಮ್ಲದ್ದಲ್ಲ, ಮೂಳೆಯದ್ದು. ಅರೆಯುವಾಗ ಉಳಿದ ದೊಡ್ಡ ಚೂರುಗಳೊಳಗೆ ಆಮ್ಲ ನಿಧಾನವಾಗಿ ಇಳಿಯುತ್ತದೆ, ಮೂಳೆಯ ಸುಣ್ಣದಂಶ ರಾತ್ರಿಯಿಡೀ ಅದನ್ನು ಹೀರುತ್ತದೆ. ಸಂಜೆ ನೀವು ಅಳೆದದ್ದು ಹೊರಗಿನ ರಸದ ಪಿಎಚ್, ಚೂರಿನ ಒಳಗಿನದ್ದಲ್ಲ. ಚೂರು 10 ಮಿಲಿಮೀಟರ್‌ಗಿಂತ ದೊಡ್ಡದಿರದಂತೆ ಅರೆಯುವ ಯಂತ್ರದ ಅಲಗು, ಜಾಲರಿ ನೋಡಿಕೊಳ್ಳಿ.

ಪ್ರಮಾಣವನ್ನೂ ಒಮ್ಮೆ ಪರಿಶೀಲಿಸಿ. ಶೇ. 85ರ ಫಾರ್ಮಿಕ್ ಆಮ್ಲ ಮೀನಿನ ತೂಕದ ಶೇ. 2.5ರಿಂದ 3.5, ಅಂದರೆ 1,000 ಕಿಲೋ ಮೀನಿಗೆ 25ರಿಂದ 35 ಕಿಲೋ. ಇದು ತೂಕ, ಲೀಟರ್ ಅಲ್ಲ. ಈ ಆಮ್ಲದ ಒಂದು ಲೀಟರ್ ಸುಮಾರು 1.2 ಕಿಲೋ ತೂಗುತ್ತದೆ, ಹಾಗಾಗಿ 30 ಕಿಲೋ ಎಂದರೆ 25 ಲೀಟರ್. ಅರೆಯುತ್ತಿರುವಾಗಲೇ ಆಮ್ಲ ಬೀಳುವಂತೆ ಮಾಡಿ, ತೊಟ್ಟಿ ತುಂಬಿದ ಮೇಲೆ ಮೇಲಿಂದ ಸುರಿದರೆ ಎಲ್ಲೆಡೆ ಸಮನಾಗಿ ಬೆರೆಯುವುದಿಲ್ಲ. ಕಲಕಿ, ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಅಳೆಯಿರಿ. ಮೂರೂ 4ಕ್ಕಿಂತ ಕೆಳಗೆ ಬಂದು 24 ಗಂಟೆ ಹಾಗೇ ನಿಂತರೆ ಮಾತ್ರ ಐಎಸ್‌ಎ ವೈರಸ್ ಸತ್ತಿತೆಂದು ಲೆಕ್ಕ. ಏರಿದ್ದರೆ ಆಮ್ಲ ಸೇರಿಸಿ, ಆ 24 ಗಂಟೆಯನ್ನು ಮೊದಲಿನಿಂದ ಎಣಿಸಿ. ಪಿಎಚ್ ಮಾಪಕದ ತುದಿಗೆ ಮೀನೆಣ್ಣೆ ಅಂಟಿದರೆ ತಪ್ಪು ತೋರಿಸುತ್ತದೆ. ಪ್ರತಿ ಸಲ ತೊಳೆದು, 4 ಮತ್ತು 7ರ ದ್ರಾವಣದಲ್ಲಿ ಸರಿಹೊಂದಿಸಿ.

ಎರಡು ಎಚ್ಚರಿಕೆ. ಸಾಲ್ಮನ್‌ನ ಇನ್ನೊಂದು ವೈರಸ್, ಮೇದೋಜೀರಕ ಗ್ರಂಥಿಯನ್ನು ಕೊಳೆಸುವ ಐಪಿಎನ್, ಈ ಆಮ್ಲಕ್ಕೆ ಬಗ್ಗುವುದಿಲ್ಲ. ಆಮ್ಲ ಹಾಕಿದ ರಸವೆಂದು ಎಲ್ಲಿಯೋ ಚೆಲ್ಲುವಂತಿಲ್ಲ, ಪರವಾನಗಿಯಿರುವ ಕಡೆ ಬಿಸಿಮಾಡಿ ಸಂಸ್ಕರಿಸಲೇಬೇಕು. ಇನ್ನೊಂದು, ಈ ತೊಟ್ಟಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಕಟ್ಟಿಕೊಳ್ಳುತ್ತದೆ. ಖಾಲಿಯಾಗಿದೆಯೆಂದು ತೊಳೆಯಲು ಯಾರೂ ಒಳಗಿಳಿಯಬಾರದು. ಬಿದ್ದವರನ್ನು ಎತ್ತಲು ಇಳಿದವರೂ ಬೀಳುವ ಅನಿಲ ಅದು.

ಪ್ರಶ್ನೆ: ಲಸಿಕೆ ಹಾಕಿಸಿ 30 ದಿನವಾಗಿದೆ, ಮರಿಗಳ ನೀರು 6 ಡಿಗ್ರಿ. ಸಮುದ್ರಕ್ಕೆ ಬಿಡಬಹುದೇ? ಲಸಿಕೆ ಹಾಕಿದ ಮೀನಿಗೂ ರೋಗ ಬಂದದ್ದು ಕೇಳಿದ್ದೇವೆ.

ಬಿಡಬೇಡಿ. ಮೀನಿನ ದೇಹ ದಿನ ಎಣಿಸುವುದಿಲ್ಲ, ಬಿಸಿಯನ್ನು ಎಣಿಸುತ್ತದೆ. ದಿನಗಳನ್ನು ನೀರಿನ ಉಷ್ಣಾಂಶದಿಂದ ಗುಣಿಸಿ: 30 ದಿನ, 6 ಡಿಗ್ರಿ, ಒಟ್ಟು 180. ಎಣ್ಣೆ ಆಧಾರಿತ ಲಸಿಕೆಗೆ ಸಾಮಾನ್ಯವಾಗಿ 500 ಬೇಕು. ನಿಮ್ಮ ನೀರಿನಲ್ಲಿ ಅದಕ್ಕೆ 84 ದಿನ, 10 ಡಿಗ್ರಿಯಿದ್ದಿದ್ದರೆ 50. ಲಸಿಕೆಯ ಪೊಟ್ಟಣದ ಮೇಲೆ ಬೇರೆ ಸಂಖ್ಯೆಯಿದ್ದರೆ ಅದೇ ಅಂತಿಮ.

ಲಸಿಕೆ ಸಾವನ್ನು ತಗ್ಗಿಸುತ್ತದೆ, ಸೋಂಕನ್ನು ಪೂರ್ತಿ ತಡೆಯುವುದಿಲ್ಲ. ಅದರ ಜೊತೆಗೆ ಕೈಕೆಲಸದ ತಪ್ಪುಗಳೂ ಇರುತ್ತವೆ. ಸೂಜಿ ಹೊಟ್ಟೆಯ ನಡುಗೆರೆಯಲ್ಲಿ, ಹೊಟ್ಟೆಯ ರೆಕ್ಕೆಯ ಬುಡದಿಂದ ಒಂದು ರೆಕ್ಕೆಯುದ್ದ ಮುಂದೆ ಇಳಿಯಬೇಕು, ಹೊಟ್ಟೆಯ ಗೋಡೆ ದಾಟಿ ಒಂದೆರಡು ಮಿಲಿಮೀಟರ್ ಮಾತ್ರ. ಕಡಿಮೆ ಇಳಿದರೆ ಮದ್ದು ಮಾಂಸದಲ್ಲುಳಿಯುತ್ತದೆ, ಹೆಚ್ಚಾದರೆ ಕರುಳು ಚುಚ್ಚುತ್ತದೆ. ಹೊಟ್ಟೆ ತುಂಬಿದ ಮೀನಿಗೆ ಹಾಕಿದರೂ ಕರುಳಿಗೇ ತಗಲುವುದು, ಅದಕ್ಕೆ ಮುಂಚೆ ಒಂದೆರಡು ದಿನ ಉಪವಾಸವಿರಲಿ. ಪ್ರತಿ ತಂಡದಿಂದ 20 ಮೀನು ಕೊಯ್ದು ಎಣ್ಣೆಯ ಹನಿ ಎಲ್ಲಿ ಕೂತಿದೆ ನೋಡಿ. ಇಪ್ಪತ್ತರಲ್ಲಿ ಎರಡರಲ್ಲಿ ಕಾಣದಿದ್ದರೆ ಕೆಲಸ ನಿಲ್ಲಿಸಿ ಸೂಜಿ, ಅಳತೆ, ಕೈ ಮೂರನ್ನೂ ಪರೀಕ್ಷಿಸಿ.

ಲಸಿಕೆ ಹಾಕಿದ ಹಿಂಡಿನಲ್ಲಿ ರೋಗ ಬಂದರೂ ಸಾವು ಮಂದವಾಗಿರುತ್ತದೆ, ಆದ್ದರಿಂದ ಕಣ್ತಪ್ಪುತ್ತದೆ. ಅಂಥ ಕೇಂದ್ರದಲ್ಲಿ ಪರೀಕ್ಷೆ ಇನ್ನೂ ಹೆಚ್ಚಬೇಕು, ಕಡಿಮೆಯಾಗಬಾರದು.

ಪ್ರಶ್ನೆ: ಮೊಟ್ಟೆಯನ್ನು ಅಯೋಡಿನ್‌ನಲ್ಲಿ ತೊಳೆಯುವ ಸರಿಯಾದ ಪ್ರಮಾಣ ತಿಳಿಸಿ.

ಕಣ್ಣು ಮೂಡಿದ ಮೊಟ್ಟೆಗೆ 100 ಪಿಪಿಎಂ (ಲೀಟರಿಗೆ 100 ಮಿಲಿಗ್ರಾಂ ಅಯೋಡಿನ್) ಇರುವ ಅಯೋಡೋಫೋರ್ ದ್ರಾವಣ, ಕನಿಷ್ಠ 10 ನಿಮಿಷ. ನಿಮ್ಮಲ್ಲಿರುವ ದ್ರಾವಣದಲ್ಲಿ ಶೇ. 1 ಅಯೋಡಿನ್ ಲಭ್ಯವಿದ್ದರೆ, ಲೀಟರಿಗೆ 10 ಮಿಲಿಲೀಟರ್. ಒಂದು ಪಾಲು ಮೊಟ್ಟೆಗೆ ನಾಲ್ಕು ಪಾಲು ದ್ರಾವಣ: 2 ಲೀಟರ್ ಮೊಟ್ಟೆಗೆ 8 ಲೀಟರ್, ಅದಕ್ಕೆ 80 ಮಿಲಿಲೀಟರ್. ಪಿಎಚ್ 6ರಿಂದ 8ರ ನಡುವೆ ಇರಬೇಕು. ಮೆದು ನೀರಿನಲ್ಲಿ ಅದು ಕೆಳಗಿಳಿದು ಮೊಟ್ಟೆ ಸಾಯುತ್ತದೆ, ಅಡುಗೆ ಸೋಡಾ ಬೆರೆಸಿ ಸರಿಪಡಿಸಿ. ಮೊದಲು ಶೇ. 0.9ರಿಂದ 1.1ರ ಉಪ್ಪುನೀರಿನಲ್ಲಿ ಜಾಲಿಸಿ, ಲೋಳೆ ಉಳಿದರೆ ಅಯೋಡಿನ್ ಅದಕ್ಕೇ ಮುಗಿಯುತ್ತದೆ. ಕಂದು ಬಣ್ಣ ತಿಳಿಹಳದಿಗೆ ತಿರುಗಿದರೆ ದ್ರಾವಣ ಸತ್ತಿದೆ. ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಬೇಡಿ. ಮರಿ ಒಡೆಯುವ ದಿನ ಹತ್ತಿರವಾದ ಮೊಟ್ಟೆಗೆ ಇದು ಬೇಡ. ಅಯೋಡಿನ್ ತಾಗುವುದು ಮೊಟ್ಟೆಯ ಮೈಗೆ ಮಾತ್ರ, ಹಾಗಾಗಿ ತಾಯಿಮೀನುಗಳ ಪರೀಕ್ಷೆಗೆ ಇದು ಬದಲಿಯಲ್ಲ.

ಪ್ರಶ್ನೆ: ರೋಗದ ಮೀನು ತಿಂದರೆ ಮನುಷ್ಯರಿಗೆ ಬರುತ್ತದೆಯೇ?

ಬರುವುದಿಲ್ಲ. ತಣ್ಣೀರಿನ ಮೀನಿಗೆ ಒಗ್ಗಿದ ಈ ವೈರಸ್ 10ರಿಂದ 15 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ, ನಮ್ಮ ದೇಹದ ಬಿಸಿಯಲ್ಲಿ ಬೆಳೆಯದು.

ಪ್ರಶ್ನೆ: ಕೊಲ್ಲಿಯಲ್ಲಿ ನಮ್ಮದಲ್ಲದೆ ಇನ್ನೂ ಮೂರು ಕೇಂದ್ರಗಳಿವೆ. ನಾವೊಬ್ಬರೇ ಪಂಜರ ಖಾಲಿ ಬಿಟ್ಟರೆ ಪ್ರಯೋಜನವಿದೆಯೇ? ಎಷ್ಟು ತಿಂಗಳು ಬಿಡಬೇಕು?

ನೀವೊಬ್ಬರೇ ಬಿಟ್ಟರೆ ಅರ್ಧ ಪ್ರಯೋಜನವೂ ಇಲ್ಲ. ನೀರು ಒಂದೇ, ದೋಣಿ ಒಂದೇ, ಹೇನೂ ಒಂದೇ. ಸಮುದ್ರ ಹೇನು ಮೀನಿಂದ ಮೀನಿಗೆ ಹಾರುವಾಗ ವೈರಸ್ಸನ್ನೂ ಹೊತ್ತೊಯ್ಯಬಲ್ಲದು.

ಚಿಲಿ ಇದನ್ನು ಬಹಳ ದುಬಾರಿಯಾಗಿ ಕಲಿಯಿತು. 2007ರಲ್ಲಿ ಚಿಲೋಯೆ ದ್ವೀಪದ ಬಳಿ ರೋಗ ಕಂಡಾಗ ಕೇಂದ್ರಗಳು ಒತ್ತೊತ್ತಾಗಿದ್ದವು, ಬೇರೆ ಬೇರೆ ವಯಸ್ಸಿನ ಮೀನು ಅಕ್ಕಪಕ್ಕದಲ್ಲಿತ್ತು, ಹೇನಿನ ಕಾಟವೂ ಜೋರಿತ್ತು. ಮೂರು ವರ್ಷದಲ್ಲಿ ಅಲ್ಲಿನ ಅಟ್ಲಾಂಟಿಕ್ ಸಾಲ್ಮನ್ ಉತ್ಪಾದನೆ ಮೂರನೇ ಒಂದರ ಆಸುಪಾಸಿಗೆ ಕುಸಿಯಿತು. ಆಮೇಲೆ ಕೇಂದ್ರಗಳನ್ನು ಓಣಿಗಳಂತೆ ಗುಂಪು ಮಾಡಿ, ಒಂದು ಗುಂಪಿನವರೆಲ್ಲ ಒಟ್ಟಿಗೆ ಮೂರು ತಿಂಗಳು ಖಾಲಿ ಬಿಡುವ ನಿಯಮ ಬಂತು. ಫೆರೋ ದ್ವೀಪಗಳಲ್ಲಿ 2000ರಿಂದ 2005ರವರೆಗೆ ಕಾಡಿದ ರೋಗದ ನಂತರ, ಒಂದು ನೀರಿನಲ್ಲಿ ಒಂದೇ ಪೀಳಿಗೆ ಎಂಬ ನಿಯಮದ ಜೊತೆ ಲಸಿಕೆಯೂ ಕಡ್ಡಾಯವಾಯಿತು. ನಾರ್ವೆಯದ್ದು ಇನ್ನೂ ಗಮನಿಸಬೇಕಾದದ್ದು. 1990ರ ಸುಮಾರಿಗೆ ವರ್ಷಕ್ಕೆ 80ರಷ್ಟಿದ್ದ ಹೊಸ ಪ್ರಕರಣಗಳು 1994ರ ಹೊತ್ತಿಗೆ ಬೆರಳೆಣಿಕೆಗೆ ಇಳಿದವು. ಆಗ ಲಸಿಕೆಯಿರಲಿಲ್ಲ. ಸಮುದ್ರಕ್ಕೆ ಇಳಿದ ಮೀನನ್ನು ಮತ್ತೆ ಸಾಗಿಸದಿರುವುದು, ಮರಿಕೇಂದ್ರಕ್ಕೆ ಸಮುದ್ರದ ನೀರು ಹಾಯಿಸದಿರುವುದು, ಕಾರ್ಖಾನೆಯ ರಕ್ತದ ನೀರಿನ ಸೋಂಕು ನಿವಾರಿಸುವುದು, ಪೀಳಿಗೆಗಳನ್ನು ಬೇರ್ಪಡಿಸುವುದು ಮುಂತಾದ ಕ್ರಮಗಳಿಂದಲೇ ಅದಾಯಿತು.

ಎಷ್ಟು ಕಾಲವೆಂಬುದನ್ನು ನಿಮ್ಮ ದೇಶದ ಆದೇಶ ಹೇಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ರೋಗ ಬಂದ ಕೇಂದ್ರಕ್ಕೆ ಮೂರು ತಿಂಗಳಿಗಿಂತ ಕಡಿಮೆ ಬೇಡ. ಎಣಿಕೆ ಶುರುವಾಗುವುದು ಮೀನು ಹೋದ ದಿನದಿಂದಲ್ಲ, ಕೊನೆಯ ಬಲೆಯ ಸೋಂಕು ನಿವಾರಣೆ ಮುಗಿದ ದಿನದಿಂದ. ನಾಲ್ಕು ಕೇಂದ್ರದವರೂ ಕೂತು, ಎಲ್ಲರ ಪಂಜರಗಳೂ ಒಟ್ಟಿಗೆ ಖಾಲಿಯಿರುವ ಕೆಲವು ವಾರಗಳನ್ನು ಗುರುತು ಹಾಕಿಕೊಳ್ಳಿ. ಒಬ್ಬರು ಖಾಲಿಯಾಗುವಾಗ ಇನ್ನೊಬ್ಬರು ತುಂಬುತ್ತಿದ್ದರೆ ವೈರಸ್ಸಿಗೆ ಬಿಡುವೇ ಸಿಗುವುದಿಲ್ಲ. ಮತ್ತೆ ಮೀನು ಬಿಡುವಾಗ ನಾಲ್ವರೂ ಒಂದೇ ಪೀಳಿಗೆ ಬಿಡಿ, ಮೊದಲ ಆರು ತಿಂಗಳು ಪ್ರತಿ ತಿಂಗಳೂ ಪ್ರತಿ ಪಂಜರದಿಂದ ಮಂಕಾದ ಮೀನಿನ ಹೃದಯ, ಮೂತ್ರಪಿಂಡ ಪರೀಕ್ಷೆಗೆ ಹೋಗಲಿ. ಫಲಿತಾಂಶವನ್ನು ನಾಲ್ವರೂ ಅದೇ ದಿನ ಹಂಚಿಕೊಳ್ಳುವ ಒಪ್ಪಂದವನ್ನು ಮೀನು ಬಿಡುವ ಮುನ್ನವೇ ಬರವಣಿಗೆಯಲ್ಲಿ ಮಾಡಿಕೊಳ್ಳಿ.